ಸೂಜಿಯನ್ನು ಕೈಗೆ ಕೊಡಬೇಡ

ಪುತ್ತಿಗೆ
20-3-2008

ಪ್ರೀತಿಯ ಮಗ ಕುಮಾರನಿಗೆ, ಇಷ್ಟು ದೂರದಿಂದಲೇ ತಲೆ ಸವರಿ ಅಮ್ಮ ಮಾಡುವ ಆಶೀರ್ವಾದಗಳು.

ಹೇಗಿದ್ದೀ ಮಗಾ? ಎ.ಸಿ. ಪೆಟ್ಟಿಗೆ ಹೊತ್ತು ಏಣಿ ಹತ್ತಿ ಬೆನ್ನು ಹಿಡಿದಿದೆ ಎಂದು ಹೋದ ವಾರ ಹೇಳಿದ್ದಿ, ಈಗ ಕಡಿಮೆಯಾಯಿತೇ? ತೈಲದ ಬಾಟ್ಲಿ ಕಳಿಸುತ್ತಿದ್ದೇನೆ. ಮಲಗುವ ಮೊದಲು ರೂಮಿನಲ್ಲಿ ಯಾರ ಕೈಯಿಂದಲಾದರೂ ಹಚ್ಚಿಸಿಕೋ, ನಾಚಿಕೆ ಬೇಡ. ಹೊತ್ತು ಹೊತ್ತಿಗೆ ಊಟ ಮಾಡು. ನಾವೆಲ್ಲ ಇಲ್ಲಿ ಸೌಖ್ಯ. ನಿನ್ನ ಅಪ್ಪನ ಮಂಡಿನೋವು ಇದ್ದ ಹಾಗೆಯೇ ಇದೆ, ಪೇಟೆಗೆ ಹೋಗುವಾಗ ಮಾತ್ರ ಅದು ಮಾಯವಾಗುತ್ತದೆ. ನನ್ನ ಹೊಲಿಗೆ ಮಿಷನಿನ ಹತ್ತಿರ ಮದುವೆ ಸೀಸನ್ನಿನ ರವಿಕೆಗಳು ರಾಶಿ ಬಿದ್ದಿವೆ, ಎಲ್ಲರಿಗೂ ನಾಳೆಯೇ ಬೇಕು. ಅದೆಲ್ಲ ಬದಿಗಿಟ್ಟು ಬೆಳಿಗ್ಗೆಯಿಂದ ಈ ಕಾಗದ ಬರೆಯಲು ಕೂತಿದ್ದೇನೆ. ನೆರೆಮನೆಯ ತಂಸೀರನ ರಜೆ ಮುಗಿಯಿತು, ನಾಳೆ ಮಂಗಳೂರಿನಿಂದ ನೀನಿರುವಲ್ಲಿಗೆ ವಿಮಾನ ಹತ್ತುತ್ತಾನೆ. ಇವತ್ತು ಸಂಜೆ ಬಂದು ಸಾಮಾನು ಕೊಂಡುಹೋಗುತ್ತೇನೆಂದಿದ್ದಾನೆ. ಅಂಬಟೆ ಉಪ್ಪಿನಕಾಯಿಯ ಜೊತೆ ಇದನ್ನೂ ಅವನ ಚೀಲಕ್ಕೆ ಸೇರಿಸುತ್ತೇನೆ. ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ನಗಬಹುದು. ಫೋನ್ ಮಾಡುವಾಗ ನಿನ್ನ ಸುತ್ತ ರೂಮಿನ ಐದಾರು ಜನ ಇರುತ್ತಾರೆ, ನನ್ನ ಸುತ್ತ ನಿನ್ನ ಅಪ್ಪ ಇರುತ್ತಾರೆ. ಅವರೊಬ್ಬರೇ ಐದಾರು ಜನಕ್ಕೆ ಸಮ.

ಮೊದಲಿಗೇ ಮುಖ್ಯ ಸುದ್ದಿ ಹೇಳಿಬಿಡುತ್ತೇನೆ. ಹರಿಣಾಕ್ಷಿ ಸೌಖ್ಯವಾಗಿದ್ದಾಳೆ. ಹೆಂಡತಿ ಸೌಖ್ಯ ಎಂದು ಬರೆಯುವುದರಲ್ಲಿ ಎಂತ ದೊಡ್ಡ ಸುದ್ದಿ ಎಂದು ಕೇಳಬೇಡ. ಆ ಒಂದು ಮಾತು ಬರೆಯಲು ನಾನು ಹೋದ ಸೆಪ್ಟೆಂಬರಿನಿಂದ ಕಾದು ಕೂತಿದ್ದೇನೆ. ಜನವರಿಯಲ್ಲಿ ಕಂಪೆನಿಯವರೇ ಕರೆದು ಒಂದು ತಿಂಗಳು ರಜೆ ಕೊಡುತ್ತೇವೆ ಎಂದಾಗ ನೀನು ಕುಣಿದುಕೊಂಡು ಅವಳಿಗೆ ಫೋನ್ ಮಾಡಿದ್ದಿ. ಅವಳು ಈಗ ಬರುವುದು ಬೇಡ ಎಂದಳು. ಕಾರಣ ಕೇಳಿದರೆ ಹೇಳಲಿಲ್ಲ. ಅವತ್ತಿನಿಂದ ನೀನು ಅವಳ ಮೊಬೈಲಿಗೆ ಫೋನ್ ಮಾಡುವುದನ್ನೇ ಬಿಟ್ಟೆ. ನನಗೆ ಮಾಡುತ್ತಿ, ಅಪ್ಪನ ಮಂಡಿ ವಿಚಾರಿಸುತ್ತಿ, ಮನೆಯ ನಾಯಿಯನ್ನೂ ವಿಚಾರಿಸುತ್ತಿ, ಅವಳ ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. "ಅವಳಿಗೆ ನಾನು ಬೇಡವಾ ಎಂತ ಅಮ್ಮಾ?" ಎಂದು ಒಮ್ಮೆ ಕೇಳಿದೆಯಲ್ಲ, ಆಗ ನನ್ನ ನಾಲಗೆಯ ತುದಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡೆ. ಅವಳಿಗೆ ಮಾತು ಕೊಟ್ಟಿದ್ದೆ. ಈಗ ಅವಳೇ ಮಾತು ಬಿಡಿಸಿದ್ದಾಳೆ. "ನೀವೇ ಹೇಳಿ ಮಾಮಿ, ನನಗೆ ಹೇಳ್ಲಿಕ್ಕೆ ಬಾಯಿ ಬರುದಿಲ್ಲ" ಎಂದಿದ್ದಾಳೆ. ಹಾಗಾಗಿ ಕೂತು ಓದು. ಎಲ್ಲ ಒಳ್ಳೆಯದಾಗಿಯೇ ಮುಗಿದಿದೆ, ಅದನ್ನು ಮರೆಯದೆ ಓದು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಅವಳು ನರ್ಸ್ ಆಗಿರುವ ಆಸ್ಪತ್ರೆಗೆ ಹೆರಿಗೆ ನೋವು ಜೋರಾಗಿದ್ದ ಒಬ್ಬ ಹೆಂಗಸನ್ನು ಜೀಪಿನಲ್ಲಿ ಕರೆತಂದರು. ಯಾರು, ಎಲ್ಲಿಯವಳು ಎಂದು ನಿನ್ನ ಹೆಂಡತಿ ನನಗೆ ಇಂದಿಗೂ ಹೇಳಿಲ್ಲ. ಕೇಳಿದರೆ "ಅದು ನಿಮಗೆ ಬೇಡ ಮಾಮಿ" ಎಂದು ಬಾಯಿ ಮುಚ್ಚಿಸುತ್ತಾಳೆ. ಮಗು ಬೇಗ ಹುಟ್ಟಿತು, ಆದರೆ ತಾಯಿಗೆ ಹೊಲಿಗೆ ಹಾಕಬೇಕಾಯಿತು. ಡಾಕ್ಟರ್ ಫಾತಿಮತ್ ಝುಹ್ರಾ ಹೊಲಿಯುತ್ತಿದ್ದರು. ನಿನಗೆ ಅವರು ಗೊತ್ತು, ನಿಮ್ಮ ಮದುವೆಗೆ ಬಂದು ಪಾಯಸ ಕೇಳಿ ಹಾಕಿಸಿಕೊಂಡವರು. ಹರಿಣಾಕ್ಷಿ ಪಕ್ಕದಲ್ಲಿ ನಿಂತು ಒಂದೊಂದೇ ಸಾಮಾನು ಎತ್ತಿ ಕೊಡುತ್ತಿದ್ದಳು. ಅವರ ಸೂಜಿ ನನ್ನ ಸೂಜಿಯ ಹಾಗೆ ನೆಟ್ಟಗಿರುವುದಿಲ್ಲ, ಮೀನಿನ ಗಾಳದ ಹಾಗೆ ಬಾಗಿರುತ್ತದೆ. ಅದನ್ನು ಇಕ್ಕಳದಲ್ಲಿ ಹಿಡಿದು ಹೊಲಿಯಬೇಕಂತೆ. ಇನ್ನೇನು ಮುಗಿಯಿತು ಎನ್ನುವಾಗ ಆ ಹೆಂಗಸಿಗೆ ರಕ್ತ ಹೆಚ್ಚು ಹೋಗತೊಡಗಿತು. ಡಾಕ್ಟರ ಕಣ್ಣು ಅತ್ತ ಹೋಯಿತು, ಕೈ ಇತ್ತ ಬಂತು. ಇಕ್ಕಳವನ್ನು ಸೂಜಿ ಸಮೇತ ಹಿಂದಕ್ಕೆ ಚಾಚಿದರು, ಇವಳು ಕೈಯೊಡ್ಡಿದಳು. ಸೂಜಿ ಗ್ಲೌಸಿನೊಳಗೆ ತೂರಿ ಹೆಬ್ಬೆರಳಿನ ಬುಡಕ್ಕೆ ಇಳಿಯಿತು.

ಆ ಹೆಂಗಸಿನ ರಕ್ತಸ್ರಾವ ನಿಲ್ಲಿಸಲು ಡಾಕ್ಟರು ಅಲ್ಲೇ ಇರಬೇಕಾಯಿತು. ಇವಳನ್ನು ಇನ್ನೊಬ್ಬ ನರ್ಸ್ ನಲ್ಲಿಯ ಕೆಳಗೆ ನಿಲ್ಲಿಸಿ ಸಾಬೂನು ಹಾಕಿ ಕೈ ತೊಳೆಸಿದಳು. ಮತ್ತೆ ಆ ತಾಯಿಯನ್ನು ಕೇಳಿ, ಒಪ್ಪಿಸಿ, ರಕ್ತ ನೋಡಿದರು. ಅದರಲ್ಲಿ ಎಚ್.ಐ.ವಿ. ಇತ್ತು. ಪಾಪ, ಅವಳಿಗೇ ಅದು ಗೊತ್ತಿರಲಿಲ್ಲ. ಇದನ್ನು ಕೇಳಿದಾಗ ನಾನು ಆ ಹೆಂಗಸನ್ನು ಬಾಯಿಗೆ ಬಂದ ಹಾಗೆ ಬೈದೆ. ನಿನ್ನ ಹೆಂಡತಿ ನನ್ನ ಮೇಲೇ ರೇಗಿದಳು. "ಅವಳು ಎಂತ ಮಾಡಿದ್ದಾಳೆ ಮಾಮಿ? ಹೆರ್ಲಿಕ್ಕೆ ಬಂದದ್ದು ತಪ್ಪಾ?" ಎಂದಳು. ಮದುವೆಯಾಗಿ ಮನೆಗೆ ಬಂದ ಮೇಲೆ ಅವಳು ನನ್ನ ಮೇಲೆ ಸ್ವರ ಎತ್ತಿದ್ದು ಅದೊಂದೇ ಸಲ. ಆ ತಾಯಿ, ಮಗು ಇಬ್ಬರಿಗೂ ಈಗ ಔಷಧಿ ನಡೆಯುತ್ತಿದೆ, ಮಗು ಚೆನ್ನಾಗಿ ತೂಕ ಹಾಕುತ್ತಿದೆ ಎಂದಷ್ಟು ಮಾತ್ರ ಹೇಳುತ್ತಾಳೆ. ಹಾಗೆ ಹೇಳುವಾಗ ಅವಳ ಮುಖ ಅರಳುತ್ತದೆ.

ಡಾಕ್ಟರು ಆ ಮಧ್ಯಾಹ್ನವೇ ಇವಳನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಮಂಗಳೂರಿಗೆ ಓಡಿದರಂತೆ. ಸೂಜಿ ತಾಗಿದ ಮೇಲೆ ಎಷ್ಟು ಬೇಗ ಮಾತ್ರೆ ಶುರು ಮಾಡುತ್ತೇವೋ ಅಷ್ಟು ಒಳ್ಳೆಯದಂತೆ. ತಿಂಗಳ ಕಾಲ ಬಿಡದೆ ನುಂಗಬೇಕು. ಆಮೇಲೆ ಆಗಾಗ ರಕ್ತ ಪರೀಕ್ಷೆ, ಆರು ತಿಂಗಳಿಗೆ ಕೊನೆಯದು. ಅದೂ ಸರಿಯಿದ್ದರೆ ಮಾತ್ರ ನೆಮ್ಮದಿ. ಇಂಥ ಸೂಜಿ ತಾಗಿದರೆ ಮಾತ್ರೆ ನುಂಗದಿದ್ದರೂ ಸಾವಿರದಲ್ಲಿ ಮೂವರಿಗೆ ಮಾತ್ರ ರೋಗ ಬರುವುದು, ನುಂಗಿದರೆ ಅಷ್ಟೂ ಇಲ್ಲ ಎಂದು ಡಾಕ್ಟರು ಧೈರ್ಯ ಹೇಳಿದ್ದರು. ಆದರೆ ಆ ಮೂವರೂ ಯಾರದೋ ಮನೆಯ ಮಕ್ಕಳೇ ಅಲ್ಲವೇ? ನನಗೆ ಆ ಲೆಕ್ಕದಿಂದ ಧೈರ್ಯ ಬರಲಿಲ್ಲ, ಅವಳಿಗೂ ಬರಲಿಲ್ಲ.

ನಾನು ಲೆಕ್ಕ ಕೇಳಿದ್ದು ತಡವಾಗಿ. ಅವತ್ತು ಸಂಜೆ ಅವಳು ಮನೆಗೆ ಬಂದಾಗ ನಮಗೆ ಇದು ಯಾವುದೂ ಗೊತ್ತಿಲ್ಲ. ಮುಖ ಬಾಡಿತ್ತು. ಎಂತಾಯಿತು ಎಂದರೆ "ಸೂಜಿ ತಾಗಿತು ಮಾಮಿ" ಎಂದಳು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ನಿನಗೆ ಗೊತ್ತಲ್ಲ, ಮೂವತ್ತು ವರ್ಷದಿಂದ ಮಿಷನ್ ತುಳಿಯುವವಳು ನಾನು, ನನ್ನ ಬೆರಳಿಗೆ ಸೂಜಿ ಚುಚ್ಚದ ಜಾಗ ಇಲ್ಲ. ಒಮ್ಮೆ ಉಗುರಿನ ಮೂಲಕವೇ ಇಳಿದಿತ್ತು, ಅವತ್ತೂ ಹೊಲಿಗೆ ನಿಲ್ಲಿಸಿರಲಿಲ್ಲ. ಸ್ವಲ್ಪ ಅರಸಿನ ಹಚ್ಚು, ನಾಳೆಗೆ ಸರಿಯಾಗುತ್ತದೆ ಎಂದೆ. ಅವಳೂ ನಕ್ಕಳು. ಆ ನಗು ಸರಿಯಿರಲಿಲ್ಲ, ಆದರೆ ನಾನು ರವಿಕೆಯ ತೋಳು ಜೋಡಿಸುವುದರಲ್ಲಿದ್ದೆ.

ಅಲ್ಲಿಂದ ನನ್ನ ಪ್ರತಾಪ ಶುರು. ಮರುದಿನವೇ ಅವಳಿಗೆ ವಾಕರಿಕೆ. ಬೆಳಿಗ್ಗೆ ಎದ್ದ ಕೂಡಲೇ ಬಚ್ಚಲಿಗೆ ಓಟ, ಒಗ್ಗರಣೆಯ ವಾಸನೆ ಆಗದು, ಮೀನಿನ ಸಾರು ಕಂಡರೆ ಮುಖ ತಿರುಗಿಸುವುದು, ಡ್ಯೂಟಿಯಿಂದ ಬಂದು ಚಾಪೆ ಹಾಸಿಕೊಂಡು ಮಲಗಿಬಿಡುವುದು. ನೀನು ಜುಲೈಯಲ್ಲಿ ರಜೆ ಮುಗಿಸಿ ಹೋದವನು. ನಾನು ಬೆರಳು ಮಡಚಿ ನೋಡಿದೆ, ಲೆಕ್ಕ ಸರಿಯಾಗಿ ಕೂತಿತು. ಮದುವೆಯಾಗಿ ಎರಡು ವರ್ಷ ಆಯಿತಲ್ಲ, ಮೊಮ್ಮಗು ಯಾವಾಗ ಎಂದು ಯಾರಾದರೂ ಕೇಳಿದರೆ ಕೇಳಲಿಲ್ಲ ಎಂಬ ಹಾಗೆ ದಾಟಿಬಿಡುತ್ತಿದ್ದೆ. ಒಳಗೆ ಎಷ್ಟು ಆಸೆ ಇತ್ತು ಎಂದು ನನಗೇ ಗೊತ್ತಾದದ್ದು ಆಗ. ಬಾಯಿ ಬಿಟ್ಟು ಕೇಳಲಿಲ್ಲ, ಅವಳಾಗಿ ಹೇಳಲಿ ಎಂದು ಸುಮ್ಮನಿದ್ದೆ. ಆದರೆ ಕೈ ಸುಮ್ಮನಿರಬೇಕಲ್ಲ? ಬೆಳಿಗ್ಗೆ ಗಂಜಿಯ ತೆಳಿ, ಹತ್ತು ಗಂಟೆಗೆ ದಾಳಿಂಬೆ, ರಾತ್ರಿ ಹಾಲಿಗೆ ಕೇಸರಿ. ಭಾರದ ಕೊಡ ಎತ್ತಲು ಬಿಡಲಿಲ್ಲ. ಅವಳು ಗಾಬರಿಯಿಂದ ನನ್ನನ್ನು ನೋಡುತ್ತಿದ್ದಳು. ಮಾಮಿಗೆ ಎಲ್ಲ ಗೊತ್ತಾಗಿದೆ, ಹೇಳದೆ ಆರೈಕೆ ಮಾಡುತ್ತಿದ್ದಾರೆ ಎಂದು ಅವಳು ಅಂದುಕೊಂಡಿದ್ದಳಂತೆ. ಅವಳಿಗೆ ಅವಳ ಗುಟ್ಟು, ನನಗೆ ನನ್ನ ಗುಟ್ಟು, ಇಬ್ಬರೂ ಒಬ್ಬರನ್ನೊಬ್ಬರು ಕಂಡು ಕಣ್ಣು ಒರೆಸಿಕೊಳ್ಳುವುದು. ಈಗ ನೆನೆದರೆ ನಗು ಬರುತ್ತದೆ.

ಕಿನ್ನಿಯ ಹತ್ತಿರ ಮಾತ್ರ ಹೇಳಿಬಿಟ್ಟೆ. ಪಕ್ಕದ ಮನೆಯವಳು, ನನಗಿಂತ ದೊಡ್ಡವಳು, ಹೇಳದಿದ್ದರೆ ಕೋಪ ಮಾಡುತ್ತಾಳೆ. ಅವಳು ಸೆರಗಿನ ತುಂಬ ಹುಳಿ ಹುಳಿ ಅಂಬಟೆ, ಬಿಂಬುಳಿ ಕಾಯಿ ತಂದು ಸುರಿದು, ಬಯಕೆ ಶಾಸ್ತ್ರಕ್ಕೆ ಯಾವ ಬಣ್ಣದ ಸೀರೆ ಎಂದು ಕೂಡ ತೀರ್ಮಾನ ಮಾಡಿ ಹೋದಳು. ಹೆಚ್ಚು ದಿನ ತಡೆಯಲಿಲ್ಲ ನಾನು. ಒಂದು ಬೆಳಿಗ್ಗೆ ಹರಿಣಾಕ್ಷಿ ಡ್ಯೂಟಿಗೆ ಹೋದ ಮೇಲೆ ಹಲಸಿನ ಎಲೆಯಲ್ಲಿ ಕಡುಬು ಬೇಯಿಸಿ, ಆ ಕೊಟ್ಟಿಗೆಯನ್ನು ಟಿಫಿನ್ನಿಗೆ ತುಂಬಿಸಿ ಬಸ್ಸು ಹತ್ತಿದೆ. ಡಾಕ್ಟರ ರೂಮಿಗೆ ಹೋಗಿ ಮೇಜಿನ ಮೇಲಿಟ್ಟು, "ಹೆರಿಗೆ ಯಾವ ತಿಂಗಳಿಗೆ ಬರ್ತದೆ ಡಾಕ್ಟ್ರೇ?" ಎಂದು ಕೇಳಿದೆ. ಅವರು ನನ್ನನ್ನು ನೋಡಿದರು, ಟಿಫಿನ್ ನೋಡಿದರು. ಎದ್ದು ಹೋಗಿ ಹರಿಣಾಕ್ಷಿಯನ್ನು ಕರೆದುಕೊಂಡು ಬಂದು ಬಾಗಿಲು ಹಾಕಿದರು. "ನಾನು ಹೇಳುವ ಹಾಗಿಲ್ಲ ಅಮ್ಮಾ, ಇವಳು ಹೇಳಿದರೆ ಮಾತ್ರ" ಎಂದರು.

ಅವಳು ಹೇಳಿದಳು. ನಿಂತುಕೊಂಡೇ, ಸಮವಸ್ತ್ರದ ಜೇಬಿನೊಳಗೆ ಕೈಯಿಟ್ಟುಕೊಂಡು ಹೇಳಿದಳು. ವಾಕರಿಕೆ ಆ ಮಾತ್ರೆಯದ್ದಂತೆ ಮಗಾ. ಇಲ್ಲದ ಮೊಮ್ಮಗು ಹೋಯಿತೆಂದು ಅಳಬೇಕೋ, ಇರುವ ಸೊಸೆಗೆ ಏನಾಗುವುದೋ ಎಂದು ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಸೇರಿಸಿ ಅತ್ತೆ. ಡಾಕ್ಟರೂ ಅತ್ತರು. ಸೂಜಿ ಚಾಚಿದ್ದು ತಮ್ಮ ಕೈ ಎಂಬುದು ಅವರಿಗೆ ಹಗಲೂ ರಾತ್ರಿ ಕೊರೆಯುತ್ತಿತ್ತಂತೆ. ಕೊನೆಗೆ ಸಮಾಧಾನ ಮಾಡಿದ್ದು ಹರಿಣಾಕ್ಷಿಯೇ. ಜೊತೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಬಟ್ಟೆ ಒಗೆದರೆ ಇದು ಬರುವುದಿಲ್ಲ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದರು. ನಾನು ಟಿಫಿನ್ ಬಿಚ್ಚಿದೆ. ತಂದದ್ದನ್ನು ವಾಪಸು ಕೊಂಡುಹೋಗಲು ಆಗುತ್ತದೆಯೇ? ಮೂವರೂ ಕಣ್ಣೀರು ಒರೆಸಿಕೊಂಡು ಕೊಟ್ಟಿಗೆ ತಿಂದೆವು. ಕಿನ್ನಿಗೆ ಮಾತ್ರ ಗ್ಯಾಸ್ಟ್ರಿಕ್ ಎಂದು ಹೇಳಿದೆ. ಅವಳು ಇನ್ನೂ ನಂಬಿಲ್ಲ.

ಮನೆಗೆ ಬಂದ ಮೇಲೆ ಅವಳು ನನ್ನ ಕೈಯನ್ನು ಹೊಲಿಗೆ ಮಿಷನಿನ ಮೇಲೆ ಇಡಿಸಿ ಆಣೆ ಹಾಕಿಸಿಕೊಂಡಳು, ನಿನಗೆ ಹೇಳಬಾರದೆಂದು. ಅವಳ ಲೆಕ್ಕ ಕೇಳು. ನಿನಗೆ ಹೇಳಿದರೆ ಕೆಲಸ ಬಿಸಾಡಿ ಮರುದಿನದ ವಿಮಾನ ಹತ್ತುತ್ತಿ. ಅದು ಸುಳ್ಳೇ? ಬಂದರೆ ಗಂಡ ಹೆಂಡತಿ ದೂರ ಇರುವುದು ಹೇಗೆ? ಎಚ್ಚರಿಕೆಯಿಂದ ಇರುವ ದಾರಿ ಡಾಕ್ಟರು ಹೇಳಿಕೊಟ್ಟಿದ್ದರು, ಆದರೆ ಅವಳ ಮನಸ್ಸು ಕೇಳಲಿಲ್ಲ. ಈ ಜೂನಿನಲ್ಲಿ ನಿನ್ನ ವೀಸಾ ಹೊಸದು ಮಾಡಬೇಕಲ್ಲ, ಅಲ್ಲಿ ರಕ್ತ ನೋಡುತ್ತಾರಲ್ಲ. ಅದರಲ್ಲಿ ಇದು ಕಂಡರೆ ಆ ಕ್ಷಣವೇ ಊರಿಗೆ ಅಟ್ಟುತ್ತಾರೆ ಎಂದು ಅವಳಿಗೆ ಗೊತ್ತಿತ್ತು. "ನನ್ನ ಕೈಗೆ ತಾಗಿದ ಸೂಜಿ ಅವರ ತನಕ ಹೋಗ್ಬಾರ್ದು ಮಾಮಿ. ಕೋಪ ಮಾಡ್ಲಿ, ಪರವಾಗಿಲ್ಲ" ಎಂದಳು. ಹಾಗಾಗಿ ಜನವರಿಯಲ್ಲಿ ನಿನಗೆ ಬೇಡ ಎಂದಳು. ಫೋನ್ ಇಟ್ಟ ಮೇಲೆ ಅಡುಗೆ ಮನೆಯ ಬಾಗಿಲ ಹಿಂದೆ ನಿಂತು ಬಿಕ್ಕಿದ್ದನ್ನು ಕಂಡವಳು ನಾನು. ನೀನು ಅಲ್ಲಿ ಮುಖ ಊದಿಸಿಕೊಂಡು ಕೂತೆ. ನಿನ್ನನ್ನು ಹೆತ್ತವಳು ನಾನೇ, ಬೈಯುವ ಹಕ್ಕೂ ನನಗಿದೆ. ಆದರೆ ನಿನಗೂ ಗೊತ್ತಿರಲಿಲ್ಲ, ಹಾಗಾಗಿ ಅರ್ಧ ಮಾತ್ರ ಬೈಯುತ್ತೇನೆ.

ಇನ್ನು ಆಸ್ಪತ್ರೆಯ ಸಂಗತಿ ಕೇಳು, ಇದು ನಿನಗೆ ಖುಷಿಯಾಗುತ್ತದೆ. ಹರಿಣಾಕ್ಷಿ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ನಾನು ಸೂಜಿ ಕೇಳಿದೆ. ಅವಳು ಕೈಗೇ ಕೊಡಲು ಬಂದಳು. ನಾನು ಕೈ ಹಿಂದಕ್ಕೆಳೆದು "ಕೆಳಗಿಡು, ಕೈಗೆ ಕೊಟ್ರೆ ಜಗಳ ಆಗ್ತದೆ" ಎಂದೆ. ಸೂಜಿ, ಉಪ್ಪು, ಮೆಣಸು ಇದನ್ನೆಲ್ಲ ನಮ್ಮಲ್ಲಿ ಕೈಯಿಂದ ಕೈಗೆ ಕೊಡುವ ಕ್ರಮ ಇಲ್ಲವಲ್ಲ. ಅವಳ ತಾಯಿಮನೆಯಲ್ಲೂ ಹಾಗೆಯೇ, ಅವಳು ಮರೆತಿದ್ದಳು ಅಷ್ಟೇ. ಆಮೇಲೆ ಮನೆಯಲ್ಲಿ ಒಂದು ದಿನವೂ ತಪ್ಪಲಿಲ್ಲ, ಮಿಷನಿನ ಹಲಗೆಯ ಮೇಲೆ ಇಡುತ್ತಾಳೆ, ನಾನು ಎತ್ತಿಕೊಳ್ಳುತ್ತೇನೆ. ಆಸ್ಪತ್ರೆಗೆ ಹೋದರೆ ಮಾತ್ರ ಇದು ಬೇರೆ ಅದು ಬೇರೆ. ಅಲ್ಲಿ ಅವಸರ, ಡಾಕ್ಟರು ಕೈ ಚಾಚಿದರೆ ಕೈಗೆ ಬೀಳಬೇಕು. ಅಲ್ಲಿಯ ಒಬ್ಬರಿಗೂ ಮನೆಯ ಕ್ರಮ ನೆನಪಾಗುತ್ತಿರಲಿಲ್ಲ. ನೆನಪಾದರೂ ಇದು ಅಜ್ಜಿಯರ ಮಾತು, ಆಸ್ಪತ್ರೆಗೆ ತರುವುದಲ್ಲ ಎಂದು ನಾಚುತ್ತಿದ್ದರೋ ಏನೋ.

ಸೂಜಿ ತಾಗಿದ ಮೇಲೆ ಡಾಕ್ಟರು ಹಟ ಹಿಡಿದು ಪುಸ್ತಕ ತರಿಸಿ, ಮಂಗಳೂರಿನ ದೊಡ್ಡ ಆಸ್ಪತ್ರೆಯವರನ್ನು ಕೇಳಿ, ಎಲ್ಲರನ್ನೂ ಕೂರಿಸಿ ಕಲಿಸಿದರು. ಹೊಲಿಯುವಾಗ ಸೂಜಿ, ಕತ್ತರಿ, ಬ್ಲೇಡು ಯಾವುದನ್ನೂ ಕೈಯಿಂದ ಕೈಗೆ ಕೊಡಬಾರದು, ನಡುವೆ ಒಂದು ಟ್ರೇ ಇರಬೇಕು, ಒಬ್ಬರು ಅದರಲ್ಲಿಟ್ಟು "ಇಟ್ಟೆ" ಎನ್ನಬೇಕು, ಇನ್ನೊಬ್ಬರು ಆಮೇಲೆ ಎತ್ತಿಕೊಳ್ಳಬೇಕು ಎಂದು ಅವರು ಹೇಳುತ್ತಿದ್ದ ಹಾಗೆ ಹರಿಣಾಕ್ಷಿಗೆ ತಡೆಯಲಾರದ ನಗು ಬಂತಂತೆ. ಎಲ್ಲರೂ ಅವಳನ್ನೇ ನೋಡಿದರು, ಯಾಕೆಂದರೆ ಆ ತಿಂಗಳಲ್ಲಿ ಅವಳು ನಕ್ಕದ್ದೇ ಇಲ್ಲ. "ಇದು ನಮ್ಮ ಮಾಮಿಯ ಕಾನೂನು ಡಾಕ್ಟ್ರೇ" ಎಂದಳಂತೆ. ಡಾಕ್ಟರು "ನಮ್ಮ ಅಜ್ಜಿಯದ್ದೂ ಇದೇ ಮಾರಾಯ್ತಿ! ನಾನು ಸಣ್ಣದಿರುವಾಗ ಕೈಗೆ ಕೊಟ್ಟು ಪೆಟ್ಟು ತಿಂದಿದ್ದೇನೆ" ಎಂದು ತಲೆ ಚಚ್ಚಿಕೊಂಡರಂತೆ. ಜಗಳ ಆಗುತ್ತದೆ ಎಂದು ನಾವು ಹೇಳುತ್ತೇವೆ, ರೋಗ ಬರುತ್ತದೆ ಎಂದು ಅವರು ಹೇಳುತ್ತಾರೆ, ಮಾಡುವುದು ಒಂದೇ. ಈಗ ಹೊಸ ನರ್ಸುಗಳು ಬಂದರೆ ಡಾಕ್ಟರು ಪುಸ್ತಕದ ಭಾಷೆಯಲ್ಲಿ ಹೇಳುವುದಿಲ್ಲವಂತೆ. ಕೈಗೆ ಕೊಟ್ಟರೆ ಜಗಳ ಎಂದಷ್ಟೇ ಹೇಳುತ್ತಾರಂತೆ, ಎಲ್ಲರಿಗೂ ತಟ್ಟನೆ ಗೊತ್ತಾಗುತ್ತದಂತೆ.

ಬೇರೆ ಬದಲಾವಣೆಗಳೂ ಆಗಿವೆ. ಇಂಜೆಕ್ಷನ್ ಕೊಟ್ಟ ಸೂಜಿಗೆ ಪುನಃ ಮುಚ್ಚಳ ಹಾಕುವ ಹಾಗಿಲ್ಲ. ನನಗೆ ಇದು ವಿಚಿತ್ರವೆನಿಸಿತು, ಬಾಯಿ ತೆರೆದ ಸೂಜಿಯನ್ನು ಹಾಗೇ ಬಿಡುವುದುಂಟೇ ಎಂದು ವಾದ ಮಾಡಿದೆ. ಮುಚ್ಚಳ ಹಾಕಲು ಹೋಗುವಾಗಲೇ ಇನ್ನೊಂದು ಕೈಗೆ ಹೆಚ್ಚಾಗಿ ಚುಚ್ಚುವುದು ಎಂದು ಅವಳು ಪೆನ್ನಿನ ಮುಚ್ಚಳ ಹಿಡಿದು ತೋರಿಸಿದಳು. ಬಿಡುವುದೂ ಇಲ್ಲ, ಪ್ರತಿ ಮಂಚದ ಹತ್ತಿರ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬ ಇಟ್ಟಿದ್ದಾರೆ, ಕೊಟ್ಟ ಕೂಡಲೇ ಅದರೊಳಗೆ ಹಾಕಬೇಕು, ತುಂಬಿ ತುಳುಕುವ ಮೊದಲೇ ಡಬ್ಬ ಬದಲಿಸಬೇಕು. ಅಲ್ಲಿ ಗುಡಿಸುವ ಉಗ್ಗಪ್ಪ ಎಂಬವರಿಗೆ ಹಿಂದೆ ಕಸದ ಚೀಲ ಎತ್ತುವಾಗ ಕಾಲಿಗೆ ಸೂಜಿ ಹೊಕ್ಕಿತ್ತಂತೆ, ಯಾರಿಗೂ ಹೇಳದೆ ಸುಣ್ಣ ಹಚ್ಚಿಕೊಂಡಿದ್ದರಂತೆ. ಈಗ ಅವರಿಗೂ ದಪ್ಪ ಗ್ಲೌಸು, ಬೂಟು ಬಂದಿದೆ. ಸೂಜಿಯಿಂದ ಹರಡುವ ಕಾಮಾಲೆಗೆ ಚುಚ್ಚುಮದ್ದು ಕೂಡ ಕೊಡಿಸಿದ್ದಾರೆ. "ಸೂಜಿಯಿಂದ ತಪ್ಪಿಸಿಕೊಳ್ಲಿಕ್ಕೆ ನಾನು ಸೂಜಿ ಹಾಕಿಸಿಕೊಳ್ಬೇಕಾ?" ಎಂದು ಅವರು ಓಡಾಡಿ ತಪ್ಪಿಸಿಕೊಂಡು, ಕೊನೆಗೆ ಹರಿಣಾಕ್ಷಿಯೇ ಹಿಡಿದು ಹಾಕಿದಳಂತೆ. ಸೂಜಿ ತಾಗಿದರೆ ಅಡಗಿಸಬೇಡಿ, ತೊಳೆಯಿರಿ, ಕೂಡಲೇ ಹೇಳಿ ಎಂದು ಕನ್ನಡ ಮತ್ತು ಮಲಯಾಳದಲ್ಲಿ ಬೋರ್ಡು ಹಾಕಿದ್ದಾರೆ. ಕನ್ನಡದ ಅಕ್ಷರ ನಿನ್ನ ಹೆಂಡತಿಯದ್ದು. ನನ್ನ ಮೇಲೂ ಅವಳ ದರ್ಬಾರು ನಡೆದಿದೆ. ಹೊಲಿಯುವಾಗ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿ ಹಿಡಿಯುವುದು ನನ್ನ ಹಳೆಯ ಅಭ್ಯಾಸವಲ್ಲ? ಅದು ಬಂದ್. ಹತ್ತಿ ತುಂಬಿದ ಸಣ್ಣ ದಿಂಬು ಹೊಲಿದು ಕೊಟ್ಟಿದ್ದಾಳೆ, ಅದಕ್ಕೇ ಚುಚ್ಚಿಡಬೇಕಂತೆ. ಹೊಲಿಗೆ ವಕ್ರ, ಆದರೆ ಪ್ರೀತಿಯಿಂದ ಕೊಟ್ಟದ್ದು.

ಮಾತ್ರೆಯ ದಿನಗಳಲ್ಲಿ ಅವಳಿಗೆ ಕೆಲಸ ಬಿಡುವ ಮನಸ್ಸಾದದ್ದು ನಿಜ. ಲೇಬರ್ ರೂಮಿನ ಬಾಗಿಲಲ್ಲೇ ನಿಂತು ಗ್ಲೌಸು ಬಿಚ್ಚಿ ಪುನಃ ಹಾಕುತ್ತಿದ್ದಳಂತೆ. ನಾನು ಬಿಡು ಎನ್ನಲಿಲ್ಲ, ಬಿಡಬೇಡ ಎಂದೂ ಅನ್ನಲಿಲ್ಲ. ಅವಳೇ ಹೋದಳು, ಒಂದು ದಿನ ಅದು ನಿಂತಿತು. ನೀನೂ ಈ ಕಾಗದ ಓದಿ ಕೆಲಸ ಬಿಡು ಎಂದು ಶುರು ಮಾಡಬೇಡ. ಅವಳು ಕಲಿತದ್ದು ಅದನ್ನೇ, ಅವಳಿಗೆ ಅದು ಇಷ್ಟ. ನೀನು ಏಣಿ ಹತ್ತುವುದನ್ನು ನಾವು ಬಿಡಿಸಿದ್ದೇವೆಯೇ?

ಕೊನೆಯ ಪರೀಕ್ಷೆಯ ಫಲಿತಾಂಶಕ್ಕೆ ಮೊನ್ನೆ ಇಬ್ಬರೂ ಮಂಗಳೂರಿಗೆ ಹೋಗಿದ್ದೆವು. ಅಪ್ಪನ ಹತ್ತಿರ ನೂಲು ತರಲು ಎಂದು ಹೇಳಿದ್ದೆ. ಬಸ್ಸು ತಲಪಾಡಿ ದಾಟುವಾಗ ನನ್ನ ಕೈ ಹಿಡಿದವಳು ಆಸ್ಪತ್ರೆಯ ಮೆಟ್ಟಿಲಿನವರೆಗೂ ಬಿಡಲಿಲ್ಲ. ಹೆಸರು ಕರೆದಾಗ ಒಳಗೆ ಒಬ್ಬಳೇ ಹೋದಳು. ನಾನು ಬೆಂಚಿನಲ್ಲಿ ಕೂತು ನಮ್ಮ ದೈವಗಳನ್ನೆಲ್ಲ ಕರೆದೆ, ಸಾಲದೆಂದು ಎದುರಿನ ಗೋಡೆಯಲ್ಲಿದ್ದ ಮಾತೆ ಮೇರಿಗೂ ಕೈ ಮುಗಿದೆ. ಹೊರಗೆ ಬಂದವಳು ನನ್ನ ಕುತ್ತಿಗೆಗೆ ಬಿದ್ದಳು. ನನ್ನ ಎದೆ ಒಡೆದೇ ಹೋಯಿತು ಎಂದುಕೊಂಡೆ. ಆಮೇಲೆ ಕಿವಿಯ ಹತ್ತಿರ "ಎಂತದೂ ಇಲ್ಲ ಮಾಮಿ, ಎಂತದೂ ಇಲ್ಲ" ಎಂದಳು. ಎಷ್ಟು ಹಗುರವಾಯಿತು ಎಂದು ಹೇಗೆ ಬರೆಯಲಿ ಮಗಾ? ಹೊರಗೆ ಬಂದು ಹೋಟೆಲಿನಲ್ಲಿ ಗೋಳಿಬಜೆ ತಿಂದೆವು. ಅವಳು ಪ್ಲೇಟಿನ ಮೇಲೆ ಪ್ಲೇಟು ತರಿಸಿದಳು, ಇಷ್ಟು ತಿಂಗಳ ಹಸಿವೆಲ್ಲ ಒಟ್ಟಿಗೆ ಬಂದ ಹಾಗೆ. ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆ ಹಾಕಿ ಕುಂಬಳೆಯವರೆಗೆ ಗೊರಕೆ ಹೊಡೆದಳು. ನೂಲು ತರಲು ಮರೆತೇಹೋಯಿತು, ಮನೆಗೆ ಬಂದ ಮೇಲೆ ಅಪ್ಪನಿಗೆ ಎಲ್ಲ ಹೇಳಿದೆ. ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಅವರಿಗೆ ಮಹಾ ಸಿಟ್ಟು. ಅವರ ಕಿವಿಗೆ ಬಿದ್ದದ್ದು ಒಂದು ಬೀಡಿ ಸೇದಿ ಮುಗಿಯುವುದರೊಳಗೆ ಪೇಟೆಯೆಲ್ಲ ಸುತ್ತುತ್ತದೆ ಎಂದು ನಾನು ಮುಖಕ್ಕೇ ಹೇಳಿದೆ. ಸ್ವಲ್ಪ ಹೊತ್ತು ಮುನಿಸಿಕೊಂಡು ಕೂತು, ಆಮೇಲೆ ಪೇಟೆಗೆ ಹೋಗಿ ಅವಳಿಗೆ ಇಷ್ಟದ ಬಂಗುಡೆ ತಂದು ತಾವೇ ಕುಯ್ದು ತೊಳೆದು ಕೊಟ್ಟರು. ಮೂವತ್ತು ವರ್ಷದಲ್ಲಿ ನನಗೆ ಒಮ್ಮೆಯೂ ಮೀನು ತೊಳೆದು ಕೊಟ್ಟದ್ದಿಲ್ಲ.

ಇಷ್ಟೇ ಸಂಗತಿ. ಈಗ ನೀನು ಮಾಡಬೇಕಾದ್ದು ಒಂದೇ. ಓದಿ ಮುಗಿಸಿದ ಕೂಡಲೇ ಅವಳ ಮೊಬೈಲಿಗೆ ಫೋನ್ ಮಾಡು. ರಕ್ತ, ಪರೀಕ್ಷೆ ಎಂದು ಶುರು ಮಾಡಬೇಡ, ಅದು ಅವಳಿಗೆ ಸಾಕಾಗಿದೆ. ಊಟ ಆಯಿತಾ ಎಂದು ಕೇಳು. ಯಾಕೆ ಹೇಳಲಿಲ್ಲ ಎಂದು ಜಗಳಕ್ಕೆ ನಿಲ್ಲಬೇಡ. ನೀನು ಅವಳ ಜಾಗದಲ್ಲಿದ್ದರೂ ಹಾಗೆಯೇ ಮಾಡುತ್ತಿದ್ದೆ, ನಿನ್ನನ್ನು ನಾನು ಬಲ್ಲೆ.

ಆರೋಗ್ಯ ನೋಡಿಕೋ. ರೂಮಿನ ಹುಡುಗರಿಗೆಲ್ಲ ಕೇಳಿದೆನೆಂದು ಹೇಳು, ಉಪ್ಪಿನಕಾಯಿಯಲ್ಲಿ ಅವರಿಗೂ ಪಾಲು ಕೊಡು. ಅಪ್ಪನ ಆಶೀರ್ವಾದ ಬೇರೆ ಬರೆಯಬೇಕಂತೆ, ಬರೆದಿದ್ದೇನೆ. ದೈವ ದೇವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ
ಪ್ರಫುಲ್ಲಾ

ತಾ.ಕ.: ತಂಸೀರ್ ಬಂದು ಜಗಲಿಯಲ್ಲಿ ಕೂತಿದ್ದಾನೆ, ಚಾ ಕೊಟ್ಟಿದ್ದೇನೆ, ಅದು ಮುಗಿಯುವುದರೊಳಗೆ ಇದನ್ನು ಬರೆಯಬೇಕು. ಲಕೋಟೆಗೆ ಅಂಟು ಹಚ್ಚುವಾಗ ಹರಿಣಾಕ್ಷಿ ಡ್ಯೂಟಿಯಿಂದ ಬಂದಳು. ಓದಲು ಕೇಳಿದಳು, ಕೊಟ್ಟೆ. ಮಿಷನಿನ ಸ್ಟೂಲಿನಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಓದಿದಳು. ಇದು ಯಾಕೆ ಬರೆದಿರಿ, ಅದು ಯಾಕೆ ಬರೆದಿರಿ ಎಂದು ಬೈಯುತ್ತಾಳೆಂದು ಕಾದೆ. ಏನೂ ಬೈಯಲಿಲ್ಲ. ಕಾಗದ ಮಡಚಿ ನನ್ನ ಕೈಗೆ ಕೊಟ್ಟು, ಮುಖ ಆ ಕಡೆ ತಿರುಗಿಸಿಕೊಂಡು, "ಇಷ್ಟೆಲ್ಲ ಬರ್ದಿದ್ದೀರಿ ಮಾಮಿ, ಬರ್ಲಿಕ್ಕೆ ಹೇಳಿ ಬರೀಲೇ ಇಲ್ಲ ಅಲ್ವಾ" ಎಂದಳು. ಹೌದು ಮಗಾ, ಅದನ್ನೇ ಬರೆದಿಲ್ಲ. ರಜೆ ಕೇಳು, ಮುಂದಿನ ತಿಂಗಳ ಬಿಸು ಹಬ್ಬಕ್ಕೆ ಸಿಗದಿದ್ದರೆ ಯಾವಾಗ ಸಿಗುತ್ತದೋ ಆಗ. ಆದರೆ ಇದು ಅಮ್ಮ ಹೇಳಿದಳೆಂದು ತಿಳಿಯಬೇಡ. ಬರಲು ಹೇಳಿದ್ದು ಅವಳು.